ಕಣ್ಣು ತೆರೆದ ನಾಣ್ಯಗಳು

ಮಗಳು ಸತ್ತ ವರ್ಷ ನಾನು ಖೋಟಾ ನಾಣ್ಯ ಗುರುತಿಸುವುದನ್ನು ಕಲಿತೆ. ಊರಿಗೆಲ್ಲ ಜ್ವರ ಬಂದ ವರ್ಷ ಅದು. ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ ಕೂಸು, ಸೋಮವಾರ ಮೈ ಬಿಸಿಯಾಯಿತು, ಆ ವಾರ ಮುಗಿಯುವುದರೊಳಗೆ ಹೋಯಿತು. ನಾನು ಅಳಲಿಲ್ಲ. ಓಣಿಯ ಹೆಂಗಸರು ಬಂದು, ಅತ್ತರೆ ಹಗುರಾಗುತ್ತದೆ ಎಂದು ಹೇಳಿ, ನನ್ನ ಪಾಲಿನದನ್ನೂ ತಾವೇ ಅತ್ತು, ಮೂಗು ಒರೆಸಿಕೊಂಡು ಹೋದರು. ನನಗೆ ಏನೂ ಅನಿಸುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ಪಾತ್ರೆ ತಿಕ್ಕುತ್ತಿದ್ದೆ. ಹಂಚು ತಾಗಿ ಕೈ ಸುಟ್ಟದ್ದು ಕೂಡ ಸಂಜೆ ಬೊಬ್ಬೆ ನೋಡಿದಾಗಲೇ ತಿಳಿಯುತ್ತಿತ್ತು.

ನನ್ನ ಗಂಡನ ಅಂಗಡಿ ಸ್ಟೇಶನ್ ಬಜಾರಿನಲ್ಲಿತ್ತು, ಅದರ ಬೆನ್ನಿಗೇ ಮನೆ. ಮೂಲ ಕಸುಬು ಪತ್ತಾರಿಕೆ, ಬೆಳ್ಳಿ ಬಂಗಾರದ ಕೆಲಸ. ಮಾವನ ಕಾಲಕ್ಕೇ ಅಗ್ಗಿಷ್ಟಿಕೆ ಆರಿಸಿ, ಹಳೆಯ ಬೆಳ್ಳಿ ಬಂಗಾರ ಕೊಂಡು ಮಾರುವುದಕ್ಕೆ ನಿಂತಿದ್ದರು. ನಿಜಾಮರ ಹಾಲಿ ಸಿಕ್ಕಾ, ಬ್ರಿಟಿಷರ ಕಲ್ದಾರ್ ಎರಡೂ ರೂಪಾಯಿ ಓಡಾಡುತ್ತಿದ್ದ ಊರು; ರೈಲಿಳಿದವರು ಒಂದು ಕೊಟ್ಟು ಇನ್ನೊಂದು ಪಡೆಯಲು ನಮ್ಮಂಥವರ ಅಂಗಡಿಗೇ ಬರಬೇಕಾಗುತ್ತಿತ್ತು. ಅವರ ಚೀಲದಲ್ಲಿ ಆಗೀಗ ಹಳೆಯ ನಾಣ್ಯಗಳೂ ಇರುತ್ತಿದ್ದವು. ಆ ಹೊತ್ತಿಗೆ ಯವನರ ನಾಣ್ಯ, ಅಂದರೆ ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ರಾಜರ ಬೆಳ್ಳಿ ನಾಣ್ಯ, ಕೂಡಿಡುವ ಹುಚ್ಚು ದೊಡ್ಡವರಲ್ಲಿ ಹಬ್ಬಿತ್ತು. ಪೇಶಾವರದ ಕಡೆಯಿಂದ ಬಂತು ಎಂದು ಒಬ್ಬ, ಹೊಲ ಉಳುವಾಗ ಸಿಕ್ಕಿತು ಎಂದು ಇನ್ನೊಬ್ಬ ತಂದು ಕೊಡುತ್ತಿದ್ದರು. ಅಸಲಿ ಬಂದ ಬೆನ್ನಿಗೆ ನಕಲಿಯೂ ಬಂದಿತ್ತು.

ಸಮಾಧಾನದ ಮಾತು ನಮ್ಮ ಮನೆಯವರಿಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಿತ್ತಾಳೆ ತಟ್ಟೆಯಲ್ಲಿ ಒಂದಿಷ್ಟು ನಾಣ್ಯ, ಒಂದು ಭೂತಗನ್ನಡಿ ತಂದು ನನ್ನ ಮುಂದೆ ಇಟ್ಟರು.

"ಇದರಾಗ ಖೋಟಾ ಯಾವು ಅದಾವ ಆರಿಸಿಡು. ನನಗ ಪುರಸತ್ತಿಲ್ಲ" ಎಂದರು.

ಪುರಸತ್ತು ಬೇಕಾದಷ್ಟಿತ್ತು, ಅಂಗಡಿಯಲ್ಲಿ ಕೂತು ನೊಣ ಹೊಡೆಯುತ್ತಿದ್ದರು. ನನ್ನ ಕೈಗೆ ಏನಾದರೂ ಕೊಡಬೇಕೆಂದು ಅವರಿಗೆ ತೋಚಿತು, ತಾವು ಮಾರುವುದನ್ನೇ ಕೊಟ್ಟರು. ಹಿತ್ತಲ ಬಾಗಿಲಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಅಲ್ಲಿ ಕೂತೆ.

ನಾಣ್ಯದ ಒಂದು ಬದಿಗೆ ಸಿಂಹದ ತೊಗಲನ್ನು ತಲೆಗೆ ಹೊದ್ದ ಹುಡುಗನ ಮುಖ, ಇನ್ನೊಂದು ಬದಿಗೆ ಕುರ್ಚಿಯ ಮೇಲೆ ಕೂತ ದೇವರು, ಅವನ ಕೈಯ ಮೇಲೆ ಹದ್ದು. ಬರಹ ನನಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ಬೆಳ್ಳಿ ಮಾತ್ರ ತಿಳಿಯುತ್ತಿತ್ತು. ಕಮಲಾಪುರದ ನನ್ನ ತವರಿನಲ್ಲಿ ಅಪ್ಪ ಬೆಳ್ಳಿಯಲ್ಲಿ ದೇವರ ಮುಖ ಮಾಡುವ ಪತ್ತಾರ. ತಿದಿ ಒತ್ತುತ್ತ ಬೆಳೆದವಳು ನಾನು. ಅಚ್ಚಿನಲ್ಲಿಟ್ಟು ಸುತ್ತಿಗೆಯಿಂದ ಹೊಡೆದ ಬೆಳ್ಳಿ ಬಿಗಿಯಾಗಿರುತ್ತದೆ, ಅಂಚು ಅಲ್ಲಲ್ಲಿ ಸೀಳಿರುತ್ತದೆ. ಕರಗಿಸಿ ಎರೆದ ಬೆಳ್ಳಿಯ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿರುತ್ತವೆ, ಮೂಗು ತುಟಿ ಸವೆದ ಸಾಬೂನಿನ ಹಾಗೆ ನುಣ್ಣಗಿರುತ್ತವೆ, ಅಂಚಿನ ಸುತ್ತ ಎರಕದ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಎರಡು ನಾಣ್ಯಗಳ ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ, ಎರಡೂ ಒಂದೇ ತಾಯಿ ನಾಣ್ಯದಿಂದ ಎರಕ ಹೊಯ್ದವು. ಇಷ್ಟನ್ನು ಯಾರೂ ಕಲಿಸಲಿಲ್ಲ, ನೋಡುತ್ತ ನೋಡುತ್ತ ತಾನಾಗಿ ಬಂತು.

ನನ್ನ ಕಣ್ಣು ಯಾಕೆ ತಪ್ಪುತ್ತಿರಲಿಲ್ಲ ಎಂಬುದು ಆಮೇಲೆ ಅರ್ಥವಾಯಿತು. ಮಾರುವವನಿಗೆ ಅದು ಅಸಲಿಯಾಗಬೇಕು. ಕೊಳ್ಳುವವನಿಗೂ ಅಸಲಿಯಾಗಬೇಕು. ನಡುವೆ ಇವರಿಗೆ ವ್ಯಾಪಾರವಾಗಬೇಕು. ನನಗೆ ಏನೂ ಬೇಕಾಗಿರಲಿಲ್ಲ. ಖೋಟಾ ಎನ್ನುವುದಕ್ಕೂ ಖರೇ ಎನ್ನುವುದಕ್ಕೂ ನನ್ನ ಬಾಯಲ್ಲಿ ವ್ಯತ್ಯಾಸವಿರಲಿಲ್ಲ. ಆ ತಟ್ಟೆಯಲ್ಲಿದ್ದ ಮುಖಗಳಲ್ಲಿ ಯಾರೂ ನನ್ನನ್ನು ಹೇಗಿದ್ದೀ ಎಂದು ಕೇಳುತ್ತಿರಲಿಲ್ಲ. ಎಲ್ಲರೂ ಆಚೆ ಕಡೆ ನೋಡುತ್ತಿದ್ದರು. ಅದು ನನಗೆ ಅನುಕೂಲವಾಗಿತ್ತು.

ನಮ್ಮ ಅಂಗಡಿಗೆ ಹೆಚ್ಚು ಬರುತ್ತಿದ್ದವರು ಮೋಮಿನಪುರದ ಒಬ್ಬ ಮುದುಕರು. ತಹಸೀಲ್ದಾರರಾಗಿದ್ದು ಪಿಂಚಣಿ ಪಡೆದವರು, ಅಚ್ಚುಕಟ್ಟಾದ ಶೇರವಾನಿ, ತುಂಬ ಮರ್ಯಾದಸ್ಥರು. ಯವನರ ನಾಣ್ಯ ಎಂದರೆ ಮಾತ್ರ ಮಕ್ಕಳ ಹಾಗೆ ಆಗಿಬಿಡುತ್ತಿದ್ದರು. ಹೊಳೆಯುವುದೆಲ್ಲ ನಕಲಿ, ಕಪ್ಪಾದದ್ದೆಲ್ಲ ಅಸಲಿ ಎಂದು ಅವರು ನಂಬಿದ್ದರಿಂದ ಅವರಿಗೆ ಮಾರಲು ಬರುವವರೆಲ್ಲ ನಾಣ್ಯವನ್ನು ಒಲೆಯ ಹೊಗೆಯಲ್ಲಿ ಹಿಡಿದು ತರುತ್ತಿದ್ದರು. ಒಂದೆರಡು ಸಲ ಟೋಪಿ ಹಾಕಿಸಿಕೊಂಡ ಮೇಲೆ ಏನೇ ಕೊಳ್ಳುವುದಿದ್ದರೂ ಮೊದಲು ನಮ್ಮಲ್ಲಿಗೆ ತಂದು, ಅಂಗಡಿಯ ಗಾದಿಯ ಮೇಲೆ ಕೂತು, ಇವರ ಕೈಗೆ ಕೊಟ್ಟು ಕಾಯುತ್ತಿದ್ದರು. ಇವರು ಒಳಗೆ ತಂದು ನನಗೆ ಕೊಡುವರು. ನಾನು ನೋಡಿ ಹೇಳುವೆ. ಹೊರಗಿನಿಂದ ಅದೇ ಪ್ರಶ್ನೆ ಬರುತ್ತಿತ್ತು:

"ಒಳಗಿನವರು ಏನಂತಾರ?"

ಬಜಾರಿನಲ್ಲಿ ನನಗೆ ಅದೇ ಹೆಸರಾಯಿತು. ಒಳಗಿನವರು ಖೋಟಾ ಅಂದರೆ ಖೋಟಾ.

ಆಷಾಢದಲ್ಲಿ, ನಾಗರ ಪಂಚಮಿ ಇನ್ನೂ ದೂರವಿರುವಾಗ, ಸ್ಟೇಶನ್ನಿನ ಹತ್ತಿರದ ಮುಸಾಫಿರಖಾನೆಯಲ್ಲಿ ಇಳಿದಿದ್ದ ಒಬ್ಬ ದಲಾಲಿ ತಹಸೀಲ್ದಾರರಿಗೆ ಆರು ಯವನ ನಾಣ್ಯ ತೋರಿಸಿದ. ಅವರು ಖುಷಿಯಿಂದ ಅವನನ್ನೂ ಕರೆದುಕೊಂಡು ನಮ್ಮ ಅಂಗಡಿಗೆ ಬಂದರು. ತಟ್ಟೆ ಒಳಗೆ ಬಂತು. ನಾನು ಅಂಚು ನೋಡಿದೆ: ಸೀಳು ಸರಿಯಾಗಿತ್ತು, ಅರದ ಗುರುತಿರಲಿಲ್ಲ. ಗುಳಿಗಳಿರಲಿಲ್ಲ. ತೂಕ ಸರಿ. ಎರೆದದ್ದಲ್ಲ, ಅಚ್ಚಿನಲ್ಲಿ ಹೊಡೆದದ್ದೇ. ಬೆಳ್ಳಿಯೂ ಹಳೆಯದು. ಖರೇ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೇವರ ಕೈಯ ಮೇಲಿದ್ದ ಹದ್ದು ನನ್ನನ್ನು ನೋಡಿತು.

ನಾನು ಕಂಡಿದ್ದ ನಾಣ್ಯಗಳಲ್ಲಿ ಆ ಹದ್ದು ಒಂದು ಅಕ್ಕಿಕಾಳಿನಷ್ಟು ಬೆಳ್ಳಿಯ ಉಬ್ಬು. ಅದಕ್ಕೆ ತಲೆ ಎಲ್ಲಿ ಎನ್ನುವುದೇ ಕಷ್ಟ. ಇದಕ್ಕೆ ಕಣ್ಣಿತ್ತು. ಭೂತಗನ್ನಡಿ ಹತ್ತಿರ ಹಿಡಿದೆ. ಕೂತ ದೇವರಿಗೂ ಕಣ್ಣಿನೊಳಗೆ ಪಾಪೆ ಇತ್ತು, ಮಗ್ಗುಲು ತಿರುಗಿಸಿದರೆ ಹುಡುಗನ ಕಣ್ಣಿಗೂ ಇತ್ತು, ತಲೆಯ ಮೇಲಿನ ಸತ್ತ ಸಿಂಹದ ತೊಗಲಿಗೂ ಇತ್ತು. ಅಚ್ಚಿನಿಂದ ಬಂದ ಪಾಪೆಯಲ್ಲ. ಹೊಡೆದಾದ ಮೇಲೆ ಸೂಜಿಯಂಥ ಉಳಿಯಿಂದ ಒಂದೊಂದಾಗಿ ಕೊರೆದದ್ದು. ಚಿಕ್ಕ ದುಂಡು ಚುಕ್ಕೆ, ಅದರ ಮೇಲಂಚಿಗೆ ಬೆಳಕು ನಿಲ್ಲಲಿ ಎಂದು ಇನ್ನೊಂದು ಮುಟ್ಟು. ಆರೂ ನಾಣ್ಯಗಳಿಗೆ ಹಾಗೆಯೇ.

ಅದು ನನ್ನ ಅಪ್ಪನ ಕೈ.

ದೇವರ ಮುಖ ಮಾಡುವ ಮನೆಯಲ್ಲಿ ಕಣ್ಣು ಕಡೆಯ ಕೆಲಸ. ಮೂಗು, ಮೀಸೆ, ಕಿರೀಟ ಎಲ್ಲ ಮುಗಿದ ಮೇಲೂ ಪಾಪೆ ಕೊರೆಯದೆ ಬಿಟ್ಟಿರುತ್ತಾರೆ. ಒಂದು ಬೆಳಿಗ್ಗೆ ಅಪ್ಪ ಮಿಂದು, ಬಾಗಿಲು ಹಾಕಿಕೊಂಡು, ಪಾಪೆಗಳನ್ನು ಕೊರೆದು, ಆ ಮುಖಕ್ಕೆ ಮೊದಲು ಕನ್ನಡಿ ತೋರಿಸುತ್ತಿದ್ದ. ಅದಕ್ಕೇ ಕಣ್ಣು ತೆರೆಸುವುದು ಎನ್ನುತ್ತಿದ್ದರು. ಕಣ್ಣು ತೆರೆಯದ ಮುಖ ಪತ್ತಾರನ ಹೊಸ್ತಿಲು ದಾಟಬಾರದು, ದಾಟಿದರೆ ಹೆಣ ಕಳಿಸಿದ ಹಾಗೆ. ಹುಟ್ಟಿದಾಗಿನಿಂದ ನೋಡಿದ್ದೆ. ಆ ಎರಡನೆಯ ಮುಟ್ಟು ಅಪ್ಪನದೊಬ್ಬನದು, ಬೇರೆ ಯಾವ ಪತ್ತಾರನೂ ಹಾಗೆ ಮುಟ್ಟುತ್ತಿರಲಿಲ್ಲ.

ಇವರು ಬಾಗಿಲಲ್ಲಿ ನಿಂತಿದ್ದರು. "ಖೋಟಾ" ಎಂದೆ.

ಇವರು ಹೊರಗೆ ಹೋಗಿ ಹೇಳಿದರು. ದಲಾಲಿ ಆಣೆ ಪ್ರಮಾಣ ಮಾಡತೊಡಗಿದ. ತಹಸೀಲ್ದಾರರಿಗೂ ಮನಸ್ಸು ಒಪ್ಪಲಿಲ್ಲ, ಅಷ್ಟು ಚಂದ ಇದ್ದವು. "ಸುಮ್ಮ ಖೋಟಾ ಅಂದ್ರ ಹ್ಯಾಂಗ? ಕಾರಣ ಕೇಳ್ರಿ. ಇಲ್ಲಂದ್ರ ಹೈದರಾಬಾದಿಗೆ ಕಳಿಸ್ತೇನಿ, ಅಲ್ಲಿ ಬಲ್ಲವರು ಅದಾರ" ಎಂದದ್ದು ಕೇಳಿಸಿತು. ಇವರು ಮತ್ತೆ ಒಳಗೆ ಬಂದರು.

"ಕಾರಣ ಏನ?"

"ನಮ್ಮಪ್ಪ ಮಾಡ್ಯಾನ" ಎಂದೆ. ಕಣ್ಣು ತೋರಿಸಿದೆ.

ಇವರು ನೋಡಿದರು. ಬಹಳ ಹೊತ್ತು ನೋಡಿದರು. ಹೇಳಿದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೈದರಾಬಾದಿಗೆ ಹೋದರೆ ಕೊತ್ವಾಲಿಯ ಪೊಲೀಸರು ಹುಡುಕುತ್ತ ಕಮಲಾಪುರಕ್ಕೇ ಬರಬಹುದು. ಇಲ್ಲಿಯೇ ಮುಗಿದರೆ ದಲಾಲಿ ಮರಳಿ ಹೋಗಿ, ಯಾವ ಅಂಗಡಿಯಲ್ಲಿ ಸಿಕ್ಕಿಬಿತ್ತು ಎಂದು ಹೇಳುತ್ತಾನೆ, ಹಿಡಿದವಳು ಮಗಳೇ ಎಂದು ಅಪ್ಪನಿಗೆ ತಿಳಿಯುತ್ತದೆ. ಅವ್ವ ಸತ್ತು ಎಷ್ಟೋ ಕಾಲವಾಗಿತ್ತು, ಅಣ್ಣ ತಮ್ಮ ಇರಲಿಲ್ಲ. ನನ್ನ ತವರು ಎಂದರೆ ಅಪ್ಪ ಒಬ್ಬನೇ. ಪ್ರತಿ ವರ್ಷ ಪಂಚಮಿಗೆ ಕರೆಯಲು ಬಂಡಿ ಕಟ್ಟಿಕೊಂಡು ಅವನೇ ಬರುತ್ತಿದ್ದ. ಅವನು ಬರುವುದನ್ನು ಬಿಟ್ಟರೆ ನನಗೆ ತವರು ಮುಗಿಯಿತು.

"ಹೆಸರು ತಗೀಬ್ಯಾಡ್ರಿ. ಕಣ್ಣ ಆಮ್ಯಾಲ ಕೊರದದ್ದು ಅಂತ ಅಷ್ಟ ಹೇಳ್ರಿ" ಎಂದೆ.

ಇವರು ಅಷ್ಟೇ ಹೇಳಿದರು. ತಹಸೀಲ್ದಾರರು ಭೂತಗನ್ನಡಿ ಇಸಿದುಕೊಂಡು ತಾವೇ ನೋಡಿ, ನಾಣ್ಯಗಳನ್ನು ದಲಾಲಿಯ ಕಡೆ ತಳ್ಳಿ, ಮರ್ಯಾದೆಯಿಂದಲೇ ಇನ್ನೊಮ್ಮೆ ಈ ಬಜಾರಿನಲ್ಲಿ ಕಾಣಿಸಿಕೊಳ್ಳಬೇಡ ಎಂದರು. ಅವನು ಗಂಟು ಕಟ್ಟಿಕೊಂಡು ಹೋದ. ಮರುದಿನ ಹುಮನಾಬಾದ್ ರಸ್ತೆಯ ಬಂಡಿ ಹತ್ತಿದ್ದನ್ನು ಇವರೇ ನೋಡಿ ಬಂದರು. ಆ ರಸ್ತೆಯ ಮೇಲೆಯೇ ಕಮಲಾಪುರ.

ಶ್ರಾವಣ ಬಂತು. ಓಣಿಯ ಸೊಸೆಯರನ್ನು ಕರೆಯಲು ಒಬ್ಬೊಬ್ಬರ ಅಣ್ಣ ತಮ್ಮಂದಿರು ಬರತೊಡಗಿದರು. ಪಕ್ಕದ ಮನೆಯಾಕೆ ತನ್ನ ಗಂಟು ಕಟ್ಟುತ್ತ, "ನಿಮ್ಮಪ್ಪ ಇನ್ನಾ ಬರಲಿಲ್ಲೇನ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಕೇಳುವುದರಲ್ಲಿ ಆಕೆಗೆ ಒಂದು ಸುಖವಿತ್ತು. ಎರೆಮಣ್ಣು ಹಸಿಯಾಗೈತಿ, ಬಂಡಿ ಹೂಳ್ತಾವ ಎಂದು ನಾನು ಹೇಳುತ್ತಿದ್ದೆ. ದುಃಖವಾಯಿತೇ ಎಂದರೆ ಇಲ್ಲ. ಆದರೆ ಬಂಡಿಯ ಗೆಜ್ಜೆ ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು. ಅದನ್ನು ನಾನೇ ಗಮನಿಸಿ ಸಿಟ್ಟಾದೆ.

ಪಂಚಮಿಯ ಮುನ್ನಾದಿನ ಅಪ್ಪ ಬಂದ. ಕೆಂಪು ಬಾಳೆಯ ಗೊನೆ ಇಳಿಸಿ, ಕಾಲು ತೊಳೆದು, ಅಳಿಯನೊಡನೆ ಮಳೆಯ ಮಾತಾಡಿ, ಊಟ ಮಾಡಿ, "ನಡಿ ಯವ್ವಾ, ಹೊತ್ತಾಕ್ಕತಿ" ಎಂದ. ಇವರು ನನ್ನ ಮುಖ ನೋಡಿದರು. ನಾನು ಗಂಟು ಎತ್ತಿಕೊಂಡೆ. ದಾರಿಯುದ್ದಕ್ಕೂ ಅಪ್ಪ ಎತ್ತುಗಳೊಡನೆ ಮಾತ್ರ ಮಾತಾಡಿದ. ಬಂಡಿ ಎರಡು ಸಲ ಹೂತಿತು, ಇಳಿದು ಇಬ್ಬರೂ ಗಾಲಿಗೆ ಹೆಗಲು ಕೊಟ್ಟೆವು.

ಹಬ್ಬದ ದಿನ ಪಕ್ಕದವರು ಕೊಟ್ಟ ಜೋಳದ ಅಳ್ಳು, ಎಳ್ಳುಂಡಿ ತಿಂದೆವು. ಹೆಣ್ಣುಮಕ್ಕಳೆಲ್ಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನನ್ನನ್ನೂ ಕರೆದರು, ಕೂತೆ, ತೂಗಿದರು, ಇಳಿದು ಬಂದೆ. ಅಪ್ಪ ಪಡಸಾಲೆಯಲ್ಲಿ ಆರಿದ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದ.

"ಹ್ಯಾಂಗ ಗುರುತಾತು?" ಎಂದ. ಸಿಟ್ಟಿನಿಂದಲ್ಲ, ಕಸುಬಿನವರು ಕಸುಬಿನವರನ್ನು ಕೇಳುವ ಹಾಗೆ.

"ಕಣ್ಣ" ಎಂದೆ.

ಅವನು ತಲೆಯಾಡಿಸಿದ. "ಅದು ನಂಗೂ ಗೊತ್ತಿತ್ತು. ದಲಾಲಿ ತಂದ ಅಸಲಿ ನಾಣ್ಯಾದಾಗ ಅಂಥಾ ಕಣ್ಣ ಇರಲಿಲ್ಲ. ಆದ್ರ ಕಣ್ಣ ತೆರೀಲಾರದ ಮುಖಾ ಮನಿಯಿಂದ ಹ್ಯಾಂಗ ಕಳಸಲಿ?"

"ಯಾಕ ಮಾಡ್ದಿ?"

"ದೇವರ ಮುಖಾ ಈಗ ಸೊಲ್ಲಾಪುರದಿಂದ ಬರ್ತಾವ. ಮಶೀನದಾಗ ಒತ್ತಿದ್ದು. ಹಗೂರ ಇರ್ತಾವ, ಅಗ್ಗ ಇರ್ತಾವ. ಎರಡ ವರ್ಷಾತು, ಒಂದ ಮುಖಾ ಮಾಡಸಾಕ ಯಾರೂ ಬಂದಿಲ್ಲ." ಕೈಗಳನ್ನು ತಿರುಗಿಸಿ ನೋಡಿಕೊಂಡ. "ಇವು ಸುಮ್ಮ ಕುಂದರಂಗಿಲ್ಲ."

ಅವನ ಮೇಲೆ ಸಿಟ್ಟು ಬರಬೇಕಿತ್ತು, ಕನಿಕರವಾದರೂ ಬರಬೇಕಿತ್ತು. ಅಪ್ಪ ಬೂದಿ ಕೆದಕಿ, "ಇನ್ನ ಕಣ್ಣ ತೆರ್ಸಂಗಿಲ್ಲ. ಹಂಗ ಕಳಿಸ್ತೇನಿ" ಎಂದ. ಕಣ್ಣು ಕೊರೆಯಬೇಡ ಎಂದು ದಲಾಲಿ ಅವನಿಗೆ ಹೇಳಿ ಹೋಗಿದ್ದ, ಅವನೂ ಒಪ್ಪಿಕೊಂಡಿದ್ದ. ಬಿಡು ಎಂದು ಹೇಳಿದೆ. ಬಿಟ್ಟು ಏನ ಮಾಡ್ಲಿ ಎಂದು ಕೇಳಿದ.

ಮರಳಿ ಬಂದು ತಟ್ಟೆಯ ಮುಂದೆ ಕೂತಾಗ ನನ್ನ ಕಣ್ಣು ಮೊದಲಿನ ಕಣ್ಣಾಗಿರಲಿಲ್ಲ. ಎರಕದ ನಕಲಿಗಳನ್ನು ಹಿಂದಿನಂತೆಯೇ ಆಚೆ ಎಸೆಯುತ್ತಿದ್ದೆ. ಅಚ್ಚಿನಲ್ಲಿ ಹೊಡೆದದ್ದು, ಅಂಚು ಸರಿಯಿದ್ದದ್ದು, ತೂಕ ಸರಿಯಿದ್ದದ್ದು ಬಂದರೆ ಮಾತ್ರ ಕೈ ತಡೆಯುತ್ತಿತ್ತು. ಇದು ಅಪ್ಪನದೇ ಇರಬಹುದು. ಹದ್ದು ನೋಡುವೆ, ಉಬ್ಬು ಅಷ್ಟೇ. ಸಿಂಹ ನೋಡುವೆ, ಅದೂ ಅಷ್ಟೇ. ಹಿಡಿಯಬೇಕೆಂದು ನೋಡುತ್ತಿದ್ದೆನೋ, ಹಿಡಿಯಬಾರದೆಂದು ನೋಡುತ್ತಿದ್ದೆನೋ, ನನಗೇ ತಿಳಿಯುತ್ತಿರಲಿಲ್ಲ. ತಪ್ಪು ಹುಡುಕಲು ಆಗದಿದ್ದದ್ದನ್ನು ಖರೇ ಎನ್ನಲೇಬೇಕಾಗುತ್ತಿತ್ತು. ಬೇರೆ ಬೇರೆ ಊರಿನವರು ತಂದು ಮಾರಿದ್ದನ್ನು ತಹಸೀಲ್ದಾರರು ನನ್ನ ಮಾತಿನ ಮೇಲೆ ಕೊಂಡರು.

ಪ್ರತಿ ಪಂಚಮಿಗೆ ಅಪ್ಪ ಬರುತ್ತಲೇ ಇದ್ದ. ನಾವು ನಾಣ್ಯದ ಮಾತಾಡುತ್ತಿರಲಿಲ್ಲ. ಒಂದು ವರ್ಷ ಮಾತ್ರ, ಅದೇ ಕಡೆಯದಾಯಿತು, ಬಂಡಿಯಲ್ಲಿ ಕೆಮ್ಮುತ್ತ ಕೂತವನು ತಾನಾಗಿ ಹೇಳಿದ: "ನಿನ್ನ ಕೈಯಾಗಿಂದ ನನ್ವು ಮೂರು ದಾಟಿ ಹೋಗ್ಯಾವ. ಮೋಮಿನಪುರದ ಸಾಹೇಬರ ಕಡೆ ಅದಾವ." ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕುರ್ಡು ಮುಖಾ. ಕಳಿಸಿದ ದಿನಾ ಊಟಾ ಸೇರಲಿಲ್ಲ" ಎಂದ. ಯಾವು ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು.

ದೀಪಾವಳಿಗೆ ಮುಂಚೆ ಅವನು ಹೋದ. ಹೋಗಿ ಮಣ್ಣು ಮಾಡಿ ಬಂದೆವು. ಅಲ್ಲಿಯೂ ನನ್ನ ಕಣ್ಣು ಒದ್ದೆಯಾಗಲಿಲ್ಲ, ಊರವರು ಅದನ್ನು ನೋಡಿದರು. ಅಚ್ಚುಗಳನ್ನು ದಲಾಲಿ ಒಯ್ದಿದ್ದನೋ ಬಾವಿಗೆ ಬಿದ್ದಿದ್ದವೋ, ಮನೆಯಲ್ಲಿ ಒಂದೂ ಇರಲಿಲ್ಲ. ಉಳಿ ಸುತ್ತಿಗೆಗಳನ್ನು ದಾಯಾದಿಗಳು ಹಂಚಿಕೊಂಡರು, ಮನೆಯನ್ನೂ ಅವರೇ ಹಿಡಿದರು. ಅಪ್ಪ ಮಾಡಿದ ದೇವರ ಮುಖಗಳು ಗುಡಿಗಳಲ್ಲಿದ್ದವು, ಅವು ದೇವರವು. ಅವನ ಕೈಯದು ಎಂದು ನನ್ನ ಬಳಿ ಒಂದು ಗೆಜ್ಜೆಯೂ ಉಳಿಯಲಿಲ್ಲ. ಕೂಸಿಗೆ ಮಾಡಿದ್ದ ಕಾಲ್ಗಡಗವನ್ನು ಅದರ ಜೊತೆಗೇ ಮಣ್ಣಿಗೆ ಕೊಟ್ಟಿದ್ದೆವು.

ಆ ಚಳಿಗಾಲದಲ್ಲಿ ತಹಸೀಲ್ದಾರರು ತಮ್ಮ ಸಂಗ್ರಹವನ್ನೆಲ್ಲ ಪೆಟ್ಟಿಗೆಯಲ್ಲಿ ಹೊರಿಸಿಕೊಂಡು ಬಂದರು. ತುಂಬ ಸೋತಿದ್ದರು, ಗಾದಿಯ ಮೇಲೆ ಕೂರಲು ಇವರು ಕೈ ಹಿಡಿಯಬೇಕಾಯಿತು. ತಮ್ಮ ಕಾಲ ಮುಗಿಯುವುದರೊಳಗೆ ಅದನ್ನು ಹೈದರಾಬಾದಿನ ಮ್ಯೂಸಿಯಮ್ಮಿಗೆ ಕೊಡಬೇಕು, ಅಲ್ಲಿ ಒಂದೇ ಒಂದು ನಕಲಿ ಬಂದರೂ ಎಲ್ಲದರ ಮೇಲೆ ಸಂಶಯ ಬರುತ್ತದೆ, ಕಡೆಯ ಸಲ ಒಳಗಿನವರು ನೋಡಿಕೊಡಲಿ ಎಂದರು.

ಹಿತ್ತಲ ಬಾಗಿಲಲ್ಲಿ ಕೂತೆ. ಎರಕದವು ಎರಡು ಸಿಕ್ಕವು, ನನ್ನ ಕಾಲಕ್ಕಿಂತ ಮೊದಲು ಕೊಂಡವು, ಆಚೆ ಇಟ್ಟೆ. ಉಳಿದವನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಇವುಗಳಲ್ಲಿ ಮೂರು ಅಪ್ಪನವು. ತಿರುಗಿಸಿ ತಿರುಗಿಸಿ ನೋಡಿದೆ. ಭೂತಗನ್ನಡಿ ಬಿಟ್ಟು ಉಗುರಿನಿಂದ ಮುಟ್ಟಿ ನೋಡಿದೆ, ಕೆನ್ನೆಗೆ ಹಚ್ಚಿ ನೋಡಿದೆ. ಎಲ್ಲ ಹುಡುಗರೂ ಆಚೆ ಕಡೆ ನೋಡುತ್ತಿದ್ದರು. ಯಾವ ಹದ್ದಿಗೂ ಕಣ್ಣಿರಲಿಲ್ಲ. ಒಂದಕ್ಕಾದರೂ ಕೈ ತಡೆಯದೆ ಕಣ್ಣು ತೆರೆಸಿರುತ್ತಾನೆ ಎಂದುಕೊಂಡು ಮತ್ತೆ ಮೊದಲಿನಿಂದ ನೋಡಿದೆ. ತೆರೆಸಿರಲಿಲ್ಲ. ಹೇಳಿದ ಹಾಗೆಯೇ ಮಾಡಿದ್ದ, ಅದೂ ನನ್ನಿಂದಾಗಿ.

"ಒಳಗಿನವರು ಏನಂತಾರ?" ಹೊರಗಿನಿಂದ ಮುದುಕರ ದನಿ ಬಂತು.

ಇವರು ಬಂದು ನಿಂತರು. ಸಿಕ್ಕಿದ್ದರೆ ಅದೊಂದನ್ನು ಬೇಡಿ ಇಟ್ಟುಕೊಳ್ಳುತ್ತಿದ್ದೆ.

"ನಮ್ಮಪ್ಪನ್ವು ಮೂರು ಇದರಾಗ ಅದಾವಂತ ಹೇಳ್ರಿ ಅವರಿಗೆ" ಎಂದೆ. "ಯಾವ ಅಂತ ನಂಗ ಗೊತ್ತಾಗವಲ್ದು."

ಅಷ್ಟು ಹೇಳುವುದರೊಳಗೆ ಅಳು ಬಂತು. ಓಣಿಯವರಿಗೆಲ್ಲ ಕೇಳುವಂತೆ ಅತ್ತೆ. ಕೂಸು ಹೋದಾಗಿನದೂ ಅದರಲ್ಲಿತ್ತು. ಇವರು ತಟ್ಟೆಯನ್ನು ಹಿಡಿದುಕೊಂಡು, ಹೊರಗೆ ಹೋಗಬೇಕೋ ಇಲ್ಲೇ ಕೂರಬೇಕೋ ತಿಳಿಯದೆ, ಬಾಗಿಲಲ್ಲೇ ನಿಂತಿದ್ದರು.